ಹಿತ್ತಲ ಬೀಜ, ಕೇರಿಯ ಕಣಜ: ಮಲೆನಾಡಿನ ಹಿತ್ತಲುಗಳಲ್ಲಿ ಬೀಜದ ಕೊಳುಕೊಡೆ

ಪ್ರವೇಶ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹತ್ತಿರದಲ್ಲಿರುವುದರ ಬೆಲೆಯನ್ನು ಅರಿಯದ ಮನುಷ್ಯ ಸ್ವಭಾವಕ್ಕೆ ದೃಷ್ಟಾಂತವಾಗಿ ಬಳಸುವುದು ರೂಢಿ. ಗಾದೆಯು ತನ್ನ ರೂಪಕವನ್ನು ಎಲ್ಲಿಂದ ಆಯ್ದುಕೊಂಡಿತೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಮದ್ದಾಗಬಲ್ಲ ಗಿಡ ಹಿತ್ತಲಲ್ಲಿಯೇ ಇತ್ತು; ಅದು ಒಬ್ಬರ ಹಿತ್ತಲಲ್ಲಿ ಮಾತ್ರವಲ್ಲದೆ ನೆರೆಯವರ ಹಿತ್ತಲಲ್ಲಿಯೂ ಇತ್ತು; ಎಲ್ಲೆಡೆ ಇದ್ದುದರಿಂದಲೇ ಅದಕ್ಕೆ ಬೆಲೆ ಕಟ್ಟುವ ಅಗತ್ಯ ಬೀಳಲಿಲ್ಲ. ಈ ಮೂರು ಸಂಗತಿಗಳೂ ಗಾದೆಯ ಒಡಲಲ್ಲಿಯೇ ಇವೆ. ಗಾದೆಯ ಮಾತು ಜಾನಪದ ಅಧ್ಯಯನಕ್ಕೂ ಒಪ್ಪುತ್ತದೆ. ಕಳೆದ ಶತಮಾನದಲ್ಲಿ ಕನ್ನಡದ ಜಾನಪದ ವಿದ್ವಾಂಸರು ಹಾಡು, ಕಥೆ, ಗಾದೆ, ಒಗಟು, ಕುಣಿತ, ಬಯಲಾಟಗಳನ್ನು ಅಪಾರ ಪ್ರಮಾಣದಲ್ಲಿ ಸಂಗ್ರಹಿಸಿದರು. ಹಾಡು ಹೇಳಿದ ತಾಯಿ ಹಾಡು ಮುಗಿಸಿ ಎದ್ದು ಹೋಗುತ್ತಿದ್ದ ಹಿತ್ತಲು ಮಾತ್ರ ಸಂಗ್ರಹಕಾರರ ಟಿಪ್ಪಣಿಗಳಲ್ಲಿ ವಿರಳವಾಗಿ ಕಾಣಿಸಿಕೊಂಡಿತು.

ಪ್ರಸ್ತುತ ಲೇಖನವು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗಗಳನ್ನೂ ಅವುಗಳಿಗೆ ಹೊಂದಿಕೊಂಡ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆಯನ್ನೂ ಮುಖ್ಯವಾಗಿ ಗಮನದಲ್ಲಿ ಇರಿಸಿಕೊಂಡಿದೆ. ಅಗತ್ಯವಿದ್ದೆಡೆ ಕರಾವಳಿಯ ಮತ್ತು ಮೈಸೂರು ಸೀಮೆಯ ನಿದರ್ಶನಗಳನ್ನು ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ. ಇಲ್ಲಿ ‘ಕೇರಿ’ ಎಂದರೆ ನಡೆದು ಹೋಗಿ ಬರುವಷ್ಟು ಹತ್ತಿರವಿರುವ, ಹಬ್ಬ, ಮದುವೆ, ಸಾವುಗಳಲ್ಲಿ ಒಂದುಗೂಡುವ ಮನೆಗಳ ಸಮೂಹ. ಹಿತ್ತಲು ಬೇಲಿಯಿಂದ ಆವೃತವಾದ ಖಾಸಗಿ ಜಾಗವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಲ್ಲಿನ ಬೀಜ ಖಾಸಗಿಯಾದುದಲ್ಲ. ಬೀಜವನ್ನು ಕಾಪಾಡಿಕೊಂಡು ಬಂದ ನಿಜವಾದ ಘಟಕ ಮನೆಯಲ್ಲ, ಕೇರಿ. ಕಾಪಾಡಿದ ವಿಧಾನ ಬಚ್ಚಿಡುವುದಲ್ಲ, ಕೊಡುವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿತ್ತಲಿನ ರಚನೆ

ಹಿತ್ತಲು ಅಡುಗೆಮನೆಯ ಮುಂದುವರಿಕೆ. ಅದರ ಸ್ಥಾನವನ್ನು ನಿರ್ಧರಿಸುವುದು ನೀರು. ಬಚ್ಚಲಿನಿಂದಲೂ ಪಾತ್ರೆ ತೊಳೆಯುವ ಜಾಗದಿಂದಲೂ ಹರಿದು ಬರುವ ನೀರು ಮೊದಲು ಸೇರುವಲ್ಲಿ ಕೆಸು ಮತ್ತು ಬಾಳೆ, ಅದರ ಪಕ್ಕದಲ್ಲಿ ಬಸಳೆಯ ಚಪ್ಪರ, ತುಸು ದೂರದಲ್ಲಿ ತೊಂಡೆಬಳ್ಳಿ, ಇನ್ನೂ ಆಚೆ ನುಗ್ಗೆ, ಕರಿಬೇವು, ನಿಂಬೆ. ಹೆಚ್ಚು ನೀರು ಬೇಡುವ ಸಸ್ಯ ನೀರಿನ ಹತ್ತಿರಕ್ಕೆ, ಕಡಿಮೆ ಬೇಡುವುದು ದೂರಕ್ಕೆ ಎಂಬ ಈ ವಿನ್ಯಾಸವನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ; ಕೊಡ ಹೊತ್ತ ಸೊಂಟ ಅದನ್ನು ಬಲ್ಲುದಾಗಿತ್ತು. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಅರಿಶಿನ ಮುಂತಾದ ಮದ್ದು ಮತ್ತು ಅಡುಗೆಗೆ ಎರಡಕ್ಕೂ ಒದಗುವ ಗಿಡಗಳು ಬಾಗಿಲಿನ ಸಮೀಪದಲ್ಲಿರುತ್ತಿದ್ದವು. ರಾತ್ರಿ ಮಗುವಿಗೆ ಕೆಮ್ಮು ಬಂದರೆ ದೀಪ ಹಿಡಿದು ಕೊಯ್ದು ತರಲು ಸಾಧ್ಯವಾಗಬೇಕೆಂಬುದು ಅದರ ಹಿಂದಿನ ಲೆಕ್ಕ.

ಗೊಬ್ಬರದ ಸುತ್ತು ಇದಕ್ಕೆ ಪೂರಕವಾದುದು. ಬೆಟ್ಟದ ಸೊಪ್ಪು ಮತ್ತು ದರಕು ಕೊಟ್ಟಿಗೆಗೆ ಹಾಸಾಗಿ, ಅಲ್ಲಿಂದ ಗೊಬ್ಬರಗುಂಡಿ ಸೇರಿ, ಕಳಿತು ತೋಟಕ್ಕೂ ಹಿತ್ತಲಿಗೂ ಬರುತ್ತದೆ. ಒಲೆಯ ಬೂದಿ ಗಿಡದ ಬುಡಕ್ಕೂ ಎಲೆಯ ಹುಳುವಿನ ಮೇಲಕ್ಕೂ ಬೀಳುತ್ತದೆ. ತರಕಾರಿಯ ಸಿಪ್ಪೆ ಮತ್ತು ಮುಸುರೆ ದನದ ಬಾನಿಗೆ ಹೋಗಿ ಮತ್ತೆ ಗೊಬ್ಬರವಾಗಿ ಮರಳುತ್ತವೆ. ವಿಶ್ವಸಂಸ್ಥೆಯ ಆಯೋಗವೊಂದರ 1987ರ ವರದಿಯ ನಂತರ ‘ಸುಸ್ಥಿರ ಅಭಿವೃದ್ಧಿ’ ಎಂಬ ಪದ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅಂಥ ಪದವಿಲ್ಲದೆಯೇ ನಡೆದು ಬಂದ ಈ ಸುತ್ತಿನಲ್ಲಿ ‘ಕಸ’ ಎಂಬ ಪ್ರತ್ಯೇಕ ವರ್ಗಕ್ಕೆ ಜಾಗವೇ ಇರಲಿಲ್ಲ ಎಂಬುದು ಗಮನಾರ್ಹ.

ಕಾಲದ ದೃಷ್ಟಿಯಿಂದ ಹಿತ್ತಲು ಎರಡು ಬಗೆಯದು. ಮಳೆಗಾಲದ ಹಿತ್ತಲಿಗೆ ಮುಂಗಾರಿನ ಮೊದಲ ಹನಿಗಳೊಂದಿಗೆ, ರೋಹಿಣಿ ಮಳೆಯ ಆಸುಪಾಸಿನಲ್ಲಿ ಬೀಜ ಬೀಳುತ್ತದೆ. ಸೌತೆ, ಹೀರೆ, ಪಡವಲ, ಹಾಗಲ, ಬೆಂಡೆ, ಕುಂಬಳಗಳು ಇದರ ಮುಖ್ಯ ಬೆಳೆಗಳು. ಬೇಸಿಗೆಯ ಹಿತ್ತಲು ಭತ್ತದ ಕೊಯ್ಲಿನ ನಂತರದ್ದು. ಬಾವಿ ಅಥವಾ ಹಳ್ಳದ ನೀರಿನ ಆಸರೆಯಲ್ಲಿ, ಹಲವೆಡೆ ಗದ್ದೆಯ ಮೂಲೆಯಲ್ಲಿಯೇ, ಹರಿವೆ, ಬದನೆ, ಮೆಣಸು, ಅಲಸಂದೆ, ಮೊಗೆಕಾಯಿಗಳನ್ನು ಬೆಳೆಯುತ್ತಾರೆ. ಒಂದು ಹಿತ್ತಲು ಮುಗಿದು ಅದೇ ಬಗೆಯ ಮುಂದಿನ ಹಿತ್ತಲು ಬರುವವರೆಗೆ ಬೀಜವನ್ನು ಜೀವಂತವಾಗಿ ದಾಟಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಮಲೆನಾಡಿನಲ್ಲಿ ಇದು ಸುಲಭದ ಕೆಲಸವಲ್ಲ.

ಬೀಜ, ಗೆಡ್ಡೆ, ಬಳ್ಳಿ

ಹಿತ್ತಲಿನ ಸಸ್ಯಗಳನ್ನು ಅವು ಮುಂದಿನ ವರ್ಷಕ್ಕೆ ದಾಟುವ ಬಗೆಯನ್ನು ಆಧರಿಸಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಬೀಜದಿಂದ ದಾಟುವ ಗುಂಪು. ಬೀಜಕ್ಕೆಂದು ಬಿಡುವ ಕಾಯಿಯನ್ನು ಮೊದಲೇ ಗುರುತಿಸಿ, ಬಳ್ಳಿಯಲ್ಲಿಯೇ ಬಲಿಯಲು ಬಿಡುತ್ತಾರೆ. ಹೀರೆ ಮತ್ತು ಬೆಂಡೆಯ ಕಾಯಿಗಳನ್ನು ಒಣಗಿದಂತೆಯೇ ಗೊಂಚಲು ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕುತ್ತಾರೆ. ಸೌತೆ, ಕುಂಬಳಗಳ ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸುವುದುಂಟು. ಸಗಣಿಯೊಡನೆ ಗೋಡೆಗೆ ಮೆತ್ತಿಡುವುದೂ ಉಂಟು. ಒಣಗಿದ ಸೋರೆಬುರುಡೆಯೇ ಹಲವು ಬೀಜಗಳ ಭರಣಿ. ಬೂದಿ ತೇವವನ್ನು ಹೀರುತ್ತದೆ, ಹೊಗೆ ಹುಳುವನ್ನು ದೂರವಿಡುತ್ತದೆ. ಮಳೆಗಾಲದ ಉದ್ದಕ್ಕೂ ಆರದ ಒಲೆಯೇ ಇಲ್ಲಿ ಬೀಜಾಗಾರದ ಕಾವಲುಗಾರ.

ಎರಡನೆಯದು ಗೆಡ್ಡೆಯಿಂದ ದಾಟುವ ಗುಂಪು. ಸುವರ್ಣಗೆಡ್ಡೆ, ಕೆಸು, ಕೂವೆ, ಶುಂಠಿ, ಅರಿಶಿನಗಳು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ತಿನ್ನುವ ಭಾಗ ಮತ್ತು ನೆಡುವ ಭಾಗ ಒಂದೇ. ಹಸಿವಿನ ದಿನಗಳಲ್ಲಿ ನೆಡುವುದಕ್ಕೆಂದು ಇಟ್ಟದ್ದನ್ನು ತಿಂದರೆ ಮನೆಯಿಂದ ಆ ತಳಿ ಹೋದಂತೆಯೇ ಸರಿ.

ಮೂರನೆಯದು ಬಳ್ಳಿ ಮತ್ತು ಟೊಂಗೆಗಳಿಂದ ದಾಟುವ ಗುಂಪು. ತೊಂಡೆ, ಬಸಳೆ, ಗೆಣಸಿನ ಬಳ್ಳಿ, ದಾಸವಾಳ, ಮಲ್ಲಿಗೆಗಳು ಇದಕ್ಕೆ ನಿದರ್ಶನ. ಬಸಳೆ ಬೀಜದಿಂದಲೂ ಬರುತ್ತದೆಯಾದರೂ ಕುಡಿ ನೆಡುವುದೇ ರೂಢಿ. ಇಂಥವನ್ನು ಒಣಗಿಸಿ ಅಟ್ಟದಲ್ಲಿ ಇಡಲು ಬಾರದು. ಇವುಗಳಿಗೆ ಇರುವ ಒಂದೇ ಉಗ್ರಾಣವೆಂದರೆ ಎಲ್ಲಾದರೂ, ಯಾರದಾದರೂ ಹಿತ್ತಲಿನಲ್ಲಿ ಬದುಕಿರುವ ಒಂದು ಬುಡ.

ಈ ವಿಂಗಡಣೆಯಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ. ಯಾವ ಮನೆಯೂ ತನ್ನಷ್ಟಕ್ಕೆ ತಾನೇ ಎಲ್ಲ ತಳಿಗಳನ್ನೂ ದೀರ್ಘಕಾಲ ಉಳಿಸಿಕೊಳ್ಳಲಾರದು. ಅತಿವೃಷ್ಟಿಯಾದ ವರ್ಷ ಬಳ್ಳಿ ಕೊಳೆಯುತ್ತದೆ. ಹಂದಿ ಗೆಡ್ಡೆಯನ್ನು ಅಗೆಯುತ್ತದೆ. ಕೋಳಿ ಮೊಳಕೆಯನ್ನು ಕೆದಕುತ್ತದೆ. ಬಾಣಂತನ, ಕಾಯಿಲೆ, ಸಾವುಗಳಿಂದಾಗಿ ಒಂದು ವರ್ಷ ಹಿತ್ತಲು ಬೀಳುಬೀಳುತ್ತದೆ. ಆದರೆ ಹತ್ತು ಮನೆಗಳಲ್ಲಿಯೂ ಒಂದೇ ವರ್ಷ ಒಂದೇ ತಳಿ ಕಳೆದುಹೋಗುವ ಸಂಭವ ಕಡಿಮೆ. ಕಳೆದುಕೊಂಡವಳು ತಾನು ಹಿಂದೆ ಕೊಟ್ಟಿದ್ದ ಮನೆಗೆ ಹೋಗಿ ಕೇಳುತ್ತಾಳೆ. ಆದಕಾರಣ ಬೀಜ ಕೊಡುವುದು ಔದಾರ್ಯ ಮಾತ್ರವಲ್ಲ, ಕೊಟ್ಟವಳ ಪಾಲಿಗೆ ಅದು ಠೇವಣಿಯೂ ಹೌದು.

ಸಸ್ಯವಿಜ್ಞಾನವೂ ಇದೇ ಮಾತನ್ನು ಬೇರೊಂದು ದಾರಿಯಿಂದ ಸಮರ್ಥಿಸುತ್ತದೆ. ಅವರೆ, ಅಲಸಂದೆಗಳಲ್ಲಿ ಹೂವಿನೊಳಗೇ ಬಹುಮಟ್ಟಿಗೆ ಪರಾಗಸ್ಪರ್ಶ ನಡೆಯುವುದರಿಂದ ಒಂದೇ ಗಿಡದ ಬೀಜವೂ ತಾಯಿಯನ್ನು ಹೋಲುತ್ತದೆ. ಹೀರೆ, ಸೋರೆ, ಕುಂಬಳಗಳಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಬೇರೆಬೇರೆ; ಪರಾಗವನ್ನು ಹೊರುವುದು ಕೀಟಗಳು. ಹರಿವೆಯ ಪರಾಗವನ್ನು ಗಾಳಿ ಹೊರುತ್ತದೆ. ಜೇನಿಗೂ ಗಾಳಿಗೂ ಬೇಲಿ ಕಾಣಿಸುವುದಿಲ್ಲ. ಒಂದು ಮನೆಯಲ್ಲಿ ಇರುವುದು ಎರಡು ಮೂರು ಬಳ್ಳಿಗಳಷ್ಟೆ. ಕೇವಲ ಅವುಗಳ ಒಂದೆರಡು ಕಾಯಿಗಳಿಂದ ವರ್ಷ ವರ್ಷವೂ ಬೀಜ ಹಿಡಿದರೆ ತಳಿಯ ಒಳಗಿನ ವೈವಿಧ್ಯ ಕುಗ್ಗುತ್ತ ಹೋಗುತ್ತದೆ. ಕೇರಿಯ ಎಲ್ಲ ಹಿತ್ತಲುಗಳನ್ನೂ ಒಟ್ಟಾಗಿ ನೋಡಿದಾಗ ಮಾತ್ರ ಅದೊಂದು ಸಮರ್ಥವಾದ ಸಸ್ಯಸಮುದಾಯವಾಗುತ್ತದೆ. ಬೇಲಿಗಳು ಇದ್ದರೂ ಜೀವಶಾಸ್ತ್ರದ ದೃಷ್ಟಿಯಿಂದ ಕೇರಿಯದು ಒಂದೇ ಹಿತ್ತಲು.

ಕೊಳುಕೊಡೆಯ ಕಟ್ಟಳೆಗಳು

ಇಂತಹ ಕೊಳುಕೊಡೆ ಯಾವ ಲಿಖಿತ ಒಪ್ಪಂದವೂ ಇಲ್ಲದೆ ನಡೆದದ್ದು ಹೇಗೆ? ಇದಕ್ಕೆ ಉತ್ತರ ನಂಬಿಕೆ, ನಡಾವಳಿಗಳಲ್ಲಿದೆ. ‘ಮೂಢನಂಬಿಕೆ’ ಎಂದು ಬದಿಗಿರಿಸಲಾದ ಹಲವು ನಂಬಿಕೆಗಳು ಬೀಜದ ಚಲನೆಯನ್ನು ನಿಯಂತ್ರಿಸುವ ಕಟ್ಟಳೆಗಳಾಗಿ ಕೆಲಸ ಮಾಡಿವೆ.

ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಒಂದು ನಡಾವಳಿ. ಬಂದದ್ದು ಪಾಯಸವಾದರೆ ಮರಳುವುದು ನಾಲ್ಕು ಬೆಂಡೆಕಾಯಿ, ಒಂದು ಹಿಡಿ ಬೀಜ ಅಥವಾ ಎರಡು ಹೂವಿನ ಗೆಡ್ಡೆಯಾಗಬಹುದು. ಇಲ್ಲಿ ತೂಕಕ್ಕೆ ತೂಕದ ಲೆಕ್ಕವಿಲ್ಲ. ಲೆಕ್ಕ ಚುಕ್ತಾ ಆಗದೆ ಇರುವುದೇ ಸಂಬಂಧ ಮುಂದುವರಿಯಲು ಕಾರಣ. ಚುಕ್ತಾ ಆದ ದಿನ ಪಾತ್ರೆ ಓಡಾಡುವುದು ನಿಲ್ಲುತ್ತದೆ.

‘ಕೈಗುಣ’ದ ಕಲ್ಪನೆ ಎರಡನೆಯದು. ಕೆಲವರು ನೆಟ್ಟರೆ ತಪ್ಪದೆ ಚಿಗುರುತ್ತದೆ ಎಂಬ ನಂಬಿಕೆಯಿಂದ ಬೀಜ ಹಾಕಲು ಅಂಥವರನ್ನು ಕರೆಯುವುದುಂಟು. ಹೀಗೆ ಕರೆಸಿಕೊಂಡವರು ಸಾಮಾನ್ಯವಾಗಿ ಅನುಭವಿಗಳಾದ ಹಿರಿಯ ಹೆಂಗಸರು. ಯಾವ ಆಳಕ್ಕೆ ಬೀಜವನ್ನು ಊರಬೇಕು, ಯಾವ ಮಣ್ಣು ಎಷ್ಟು ಹದವಾಗಿರಬೇಕು ಎಂಬ ತಿಳಿವಳಿಕೆ ಕೈಗುಣದ ಹೆಸರಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಅನುಭವವನ್ನು ಗುಣವೆಂದು ಕರೆದುದರಿಂದ ಅದನ್ನು ಹೇಳಿಕೊಡುವವರಿಗೆ ಬೀಗಲು ಆಸ್ಪದವಾಗಲಿಲ್ಲ, ಕಲಿಯುವವರಿಗೆ ಕೀಳರಿಮೆಯೂ ಆಗಲಿಲ್ಲ.

‘ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ’ ಎಂಬ ಮಾತು ಕರ್ನಾಟಕದ ಬಹುತೇಕ ಭಾಗಗಳಲ್ಲಿ ಕೇಳಿಬರುತ್ತದೆ. ನೀತಿಯ ದೃಷ್ಟಿಯಿಂದ ವಿಚಿತ್ರವೆನಿಸುವ ಈ ಮಾತು ಕೊಳುಕೊಡೆಯ ದೃಷ್ಟಿಯಿಂದ ಅರ್ಥಪೂರ್ಣ. ಕೇಳಲು ಸಂಕೋಚಪಡುವವರಿಗೆ, ಮನಸ್ತಾಪದಿಂದ ಮಾತು ಬಿಟ್ಟ ಮನೆಯವರಿಗೆ, ಕೇಳಿದರೂ ಕೊಡದ ಜಿಪುಣರ ನೆರೆಯವರಿಗೆ ಇದೊಂದು ಹಿಂಬಾಗಿಲು. ಜಗಳ ಮನುಷ್ಯರ ನಡುವೆ ಇರಬಹುದು. ತಳಿಯ ಪ್ರಸರಣ ಅದರಿಂದ ನಿಲ್ಲಬಾರದು. ಅದೇ ವೇಳೆ, ಮಿಡಿಗಾಯಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆಂಬ ನಂಬಿಕೆ ಎಳೆಯ ಕಾಯಿಗೆ ರಕ್ಷಣೆ ಒದಗಿಸಿತು. ಕುಡಿಯನ್ನು ಕದಿಯಬಹುದು, ಕಾಯಿಯನ್ನು ಕಣ್ಣಿಟ್ಟು ನೋಡಲೂ ಬಾರದು ಎಂಬ ಈ ಭೇದ ಸೂಕ್ಷ್ಮವಾದುದು. ಕುಡಿ ಮುರಿದರೆ ಗಿಡ ಮತ್ತೆ ಚಿಗುರುತ್ತದೆ. ಕಾಯಿ ಹೋದರೆ ಆ ಮನೆಯ ಊಟವೂ ಬೀಜವೂ ಹೋಗುತ್ತವೆ.

ನಾಲ್ಕನೆಯದು ತವರಿನ ದಾರಿ. ಮದುವೆಯಾಗಿ ಬಂದ ಹೆಣ್ಣು ತವರಿಗೆ ಹೋಗಿ ಬರುವಾಗ ಗಂಟಿನಲ್ಲಿ ತರುವ ಬೀಜ, ಗೆಡ್ಡೆ, ಟೊಂಗೆಗಳು ಕೇರಿಯ ಹಿತ್ತಲಿಗೆ ಹೊಸ ರಕ್ತವನ್ನು ತುಂಬುತ್ತವೆ. ಮಳೆಗಾಲದಲ್ಲಿ ಅರಳುವ ಡೇರೆ ಹೂವಿನ ಗೆಡ್ಡೆಗಳು ಶಿರಸಿ, ಸಾಗರ ಸೀಮೆಯಲ್ಲಿ ಹರಡಿದ್ದು ಹೆಚ್ಚಾಗಿ ಈ ದಾರಿಯಲ್ಲಿಯೇ. ಹೊಟ್ಟೆಗಾಗುವ ತರಕಾರಿಗಿಂತ ಕಣ್ಣಿಗಾಗುವ ಹೂವು ಹೆಂಗಸರನ್ನು ಪರಸ್ಪರರ ಹಿತ್ತಲಿಗೆ ಹೆಚ್ಚು ಸೆಳೆಯುತ್ತದೆ. ಹೂವನ್ನು ನೋಡಲು ಬಂದವರು ಹಿಂದಿರುಗುವಾಗ ಮೆಣಸಿನ ಸಸಿಯನ್ನೂ ಹಿಡಿದು ಹೋಗುತ್ತಾರೆ.

ಆಚರಣೆಗಳಲ್ಲಿ ತಳಿಗಳ ಹಾಜರಿ

ಕೊಳುಕೊಡೆ ನಡೆಯುತ್ತಿದೆಯೇ, ಯಾವ ತಳಿ ಉಳಿದಿದೆ, ಯಾವುದು ಇಲ್ಲವಾಯಿತು ಎಂಬುದನ್ನು ಕೇರಿಗೆ ತಿಳಿಸುವ ವ್ಯವಸ್ಥೆಯೂ ಇತ್ತು. ಅದು ಹಬ್ಬ. ಉತ್ತರ ಕನ್ನಡದಲ್ಲಿ ಭಾದ್ರಪದದ ಚೌತಿಯಂದು ಗಣಪತಿಯ ಮೂರ್ತಿಯ ಮೇಲ್ಭಾಗದಲ್ಲಿ ಮರದ ಚೌಕಟ್ಟಿಗೆ ಹಣ್ಣು, ಕಾಯಿ, ಗೊನೆ, ಕಾಡಿನ ಬಳ್ಳಿಗಳನ್ನು ಕಟ್ಟುತ್ತಾರೆ. ಇದಕ್ಕೆ ‘ಫಲಾವಳಿ’ ಎಂದು ಹೆಸರು. ನೆರೆಯ ಗೋವೆಯಲ್ಲಿಯೂ ಇದನ್ನು ಹೋಲುವ ‘ಮಾಟೋಳಿ’ಯಿದೆ. ಮಳೆಗಾಲದ ಹಿತ್ತಲು ತುಂಬಿರುವ ಕಾಲದಲ್ಲಿಯೇ ಈ ಹಬ್ಬ ಬರುತ್ತದೆ. ಗಣಪತಿ ನೋಡಲು ಮನೆಯಿಂದ ಮನೆಗೆ ಹೋಗುವವರ ಕಣ್ಣು ಫಲಾವಳಿಯ ಮೇಲೂ ಹರಿಯುತ್ತದೆ. ಯಾರ ಮನೆಯಲ್ಲಿ ಯಾವ ಸೌತೆ, ಯಾವ ಹೀರೆ, ಯಾವ ನಿಂಬೆ ಇದೆ ಎಂಬುದು ಕೇರಿಗೆಲ್ಲ ತಿಳಿಯುತ್ತದೆ. ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನ ತಳಿಗಳ ಬಹಿರಂಗ ಪಟ್ಟಿ. ಮುಂದಿನ ವರ್ಷ ಯಾರನ್ನು ಏನು ಕೇಳಬೇಕೆಂಬುದರ ಸೂಚಿ.

ಆಶ್ವಯುಜದ ಹುಣ್ಣಿಮೆಯಂದು ಬರುವ ಭೂಮಿ ಹುಣ್ಣಿಮೆಯೂ ಇದೇ ನೆಲೆಯಲ್ಲಿ ಅಧ್ಯಯನಕ್ಕೆ ಯೋಗ್ಯವಾದುದು. ಫಸಲು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಹಬ್ಬವಿದು. ಮಲೆನಾಡಿನ ದೀವರು ಮೊದಲಾದ ಸಮುದಾಯಗಳಲ್ಲಿ ಹೆಂಗಸರು ಚಿತ್ತಾರ ಬರೆದ ‘ಭೂಮಣ್ಣಿ ಬುಟ್ಟಿ’ಯಲ್ಲಿ ಎಡೆಯನ್ನು ತುಂಬಿ ಬೆಳಗಿನ ಜಾವ ಗದ್ದೆಗೆ ಒಯ್ಯುತ್ತಾರೆ, ಪೂಜೆಯ ನಂತರ ಎಡೆಯನ್ನು ಗದ್ದೆಯ ಸುತ್ತ ‘ಚರಗ’ವಾಗಿ ಬೀರುತ್ತಾರೆ. ಈ ಎಡೆಯಲ್ಲಿ ಹತ್ತಾರು ಬಗೆಯ ಸೊಪ್ಪು, ಕುಡಿ, ತರಕಾರಿಗಳನ್ನು ಬೆರೆಸಿ ಬೇಯಿಸಿದ ಪದಾರ್ಥ ಇರಲೇಬೇಕು. ಚರಗ ಬೀರುವಾಗಿನ ಕೂಗಿನಲ್ಲಿ ನೂರೊಂದು ಕುಡಿಗಳ ಉಲ್ಲೇಖ ಬರುತ್ತದೆ. ಬೇಲಿಯ ಮೇಲಿನ ಹೀರೆಗೂ ಅಲ್ಲಿ ಸ್ಥಾನವಿದೆ. ನೂರೊಂದು ಎಂಬುದು ಎಣಿಕೆಯ ಸಂಖ್ಯೆಯಲ್ಲ, ಸಮೃದ್ಧಿಯ ಸಂಖ್ಯೆ. ಒಂದು ಮನೆಯ ಹಿತ್ತಲಿನಲ್ಲಿ ಅಷ್ಟು ಬಗೆ ದೊರೆಯದು. ಹಬ್ಬದ ಎಡೆ ಪೂರ್ಣವಾಗಬೇಕಾದರೆ ನೆರೆಯ ಹಿತ್ತಲನ್ನೂ ಬೇಲಿಯ ಸಾಲನ್ನೂ ಕಾಡಿನ ಅಂಚನ್ನೂ ಅವಲಂಬಿಸಬೇಕು. ಭೂಮಿಗೆ ಉಣಬಡಿಸುವ ನೆಪದಲ್ಲಿ ಕೇರಿಯು ತನ್ನ ಬಳಿ ಏನಿದೆಯೆಂದು ತಾನೇ ಎಣಿಸಿಕೊಳ್ಳುತ್ತದೆ.

ಹೆಸರುಗಳು ನುಡಿಯುವ ಸಾಕ್ಷ್ಯ

ಕರ್ನಾಟಕದ ಪ್ರಸಿದ್ಧ ತರಕಾರಿ, ಹಣ್ಣು, ಹೂವುಗಳ ಹೆಸರುಗಳನ್ನು ಪರಿಶೀಲಿಸಿದರೆ ಅವು ಬಹುಪಾಲು ಊರು, ಕೇರಿಗಳ ಹೆಸರನ್ನು ಹೊತ್ತಿವೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ, ಮೈಸೂರು ನಗರದ ಈರನಗೆರೆಯ ಬದನೆ, ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ, ಹಡಗಲಿಯ ಮಲ್ಲಿಗೆ, ಕುಮಟಾದ ಸಿಹಿ ಈರುಳ್ಳಿ ಇದಕ್ಕೆ ಸಾಕ್ಷಿ. ತಳಿಯನ್ನು ರೂಪಿಸಿದ ವ್ಯಕ್ತಿಯ ಹೆಸರು ಇವುಗಳಲ್ಲಿ ಇಲ್ಲ. ಹಲವು ಕೈಗಳು, ಹಲವು ತಲೆಮಾರುಗಳು ಆಯ್ದು ಉಳಿಸಿದ ವಸ್ತುವಿಗೆ ಒಬ್ಬ ಒಡೆಯನನ್ನು ಹೆಸರಿಸಲು ಭಾಷೆಯೇ ನಿರಾಕರಿಸಿದೆ. ಈರನಗೆರೆ ನಗರದೊಳಗಿನ ಒಂದು ಬಡಾವಣೆಯೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಳಿಯನ್ನು ಬೆಳೆಸುವ ಶಕ್ತಿ ಹಳ್ಳಿಗೆ ಮಾತ್ರ ಸೀಮಿತವಾಗಿರಲಿಲ್ಲ.

ಮಟ್ಟು ಗುಳ್ಳದ ಐತಿಹ್ಯ ಈ ಚರ್ಚೆಗೆ ಇನ್ನೊಂದು ಆಯಾಮವನ್ನು ಒದಗಿಸುತ್ತದೆ. ಸೋದೆ ಮಠದ ವಾದಿರಾಜರು ಮಟ್ಟುವಿನ ಜನರಿಗೆ ಈ ಬದನೆಯ ಬೀಜವನ್ನು ಅನುಗ್ರಹಿಸಿದರೆಂಬುದು ಅಲ್ಲಿನ ನಂಬಿಕೆ. ಇಂದಿಗೂ ಉಡುಪಿಯ ಕೃಷ್ಣಮಠಕ್ಕೆ ಮಟ್ಟುವಿನಿಂದ ಗುಳ್ಳದ ಕಾಣಿಕೆ ಸಲ್ಲುತ್ತದೆ. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಜನಪದರ ಕಲ್ಪನೆಯಲ್ಲಿ ಬೀಜ ಕೊಂಡದ್ದಲ್ಲ, ಪಡೆದದ್ದು. ಪಡೆದದ್ದಕ್ಕೆ ಪ್ರತಿಯಾಗಿ ಸಲ್ಲುವುದು ಹಣವಲ್ಲ, ಬೆಳೆ. ನೆರೆಮನೆಯ ಪಾತ್ರೆ ತುಂಬಿ ಮರಳುವ ಕಟ್ಟಳೆಯೇ ಇಲ್ಲಿ ದೇವರ ಮಟ್ಟಕ್ಕೆ ಏರಿದೆ.

ಹೆಸರುಗಳು ಇನ್ನೊಂದು ಎಚ್ಚರವನ್ನೂ ನೀಡುತ್ತವೆ. ಇಂದು ‘ದೇಸಿ ತಳಿ’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಆದರೆ ಹಿತ್ತಲಿನ ಸೂಜಿಮೆಣಸು, ಸಿಹಿಗುಂಬಳ, ಪಪ್ಪಾಯಿ, ಡೇರೆಗಳ ಮೂಲ ಅಮೆರಿಕ ಖಂಡ. ಯುರೋಪಿಯನ್ನರ ಸಮುದ್ರಯಾನಗಳ ತರುವಾಯ ಅವು ಈ ನೆಲಕ್ಕೆ ಬಂದವು. ಪಪ್ಪಾಯಿಗೆ ‘ಪರಂಗಿ’ ಎಂಬ ಹೆಸರಿರುವುದೇ ಅದರ ಹೊರನಾಡ ಮೂಲವನ್ನು ಸಾರುತ್ತದೆ. ಹಿತ್ತಲು ಹುಟ್ಟಿದ ಊರನ್ನು ಕೇಳಲಿಲ್ಲ. ಬೀಜ ಹಿಡಿಯಲು ಬರುವುದೆಲ್ಲವೂ, ನೆರೆಯವರಿಗೆ ಕೊಡಲು ಬರುವುದೆಲ್ಲವೂ ಅದಕ್ಕೆ ತನ್ನದೇ.

ಬೇಲಿಯ ಒಳಗು, ಹೊರಗು

ಹಿತ್ತಲನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸುವುದು ಅಧ್ಯಯನಕ್ಕೆ ಮಾಡುವ ಅಪಚಾರವಾದೀತು. ಕೇರಿಯೆಂಬ ಪದವೇ ಜಾತಿಯ ಗಡಿಯನ್ನು ಸೂಚಿಸುತ್ತದೆ. ಕೊಳುಕೊಡೆ ಸರಾಗವಾಗಿ ನಡೆದದ್ದು ಸಮಾನ ಸ್ಥಾನದ ಮನೆಗಳ ನಡುವೆ. ಬಾವಿಗೆ ಪ್ರವೇಶವಿಲ್ಲದವರಿಗೆ ಬೇಸಿಗೆಯ ಹಿತ್ತಲು ಇರಲಿಲ್ಲ. ಸ್ವಂತ ನಿವೇಶನವಿಲ್ಲದ ಕೂಲಿಕಾರರಿಗೆ ಯಾವ ಹಿತ್ತಲೂ ಇರಲಿಲ್ಲ. ಬೇಯಿಸಿದ ಅನ್ನ ದಾಟದ ಗಡಿಯನ್ನು ಹಸಿಯಾದ ಬೀಜ, ಸಸಿಗಳು ದಾಟಿದ್ದುಂಟು. ತೋಟದ ಕೆಲಸಕ್ಕೆ ಬಂದ ಹೆಂಗಸರು ಸಂಜೆ ಮಡಿಲಲ್ಲಿ ಸಸಿಗಳನ್ನು ಒಯ್ಯುತ್ತಿದ್ದರು. ಕಾಡಿನಂಚಿನ ಸಮುದಾಯಗಳು ಬಲ್ಲ ಗೆಡ್ಡೆ, ಸೊಪ್ಪುಗಳು ಅವರ ಮೂಲಕವೇ ಊರಿನ ಹಿತ್ತಲಿಗೆ ಬಂದವು. ಆದರೆ ಈ ಎರಡನೆಯ ಚಲನೆಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಅಂಕೋಲಾ, ಕುಮಟಾ ಸೀಮೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳೆದು ತಂದ ತರಕಾರಿಯಿಂದ ಕರಾವಳಿಯ ಪೇಟೆಗಳು ಬಹುಕಾಲ ಉಂಡಿವೆ. ಅದೇ ಸಮುದಾಯದ ತುಳಸಿ ಗೌಡರಿಗೆ ಸಸ್ಯಜ್ಞಾನಕ್ಕಾಗಿ 2020ನೆಯ ಸಾಲಿನ ಪದ್ಮಶ್ರೀ ಗೌರವ ಸಂದಾಗ ಅವರು ಎಂಬತ್ತರ ಹತ್ತಿರದಲ್ಲಿದ್ದರು. ಅವರು 2024ರ ಡಿಸೆಂಬರ್‌ನಲ್ಲಿ ನಿಧನರಾದರು. ಅಕ್ಷರದ ಹೊರಗೆ ಉಳಿದ ಜ್ಞಾನಕ್ಕೆ ಮನ್ನಣೆ ಎಷ್ಟು ತಡವಾಗಿ ಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇದರೊಂದಿಗೆ, ಹಿತ್ತಲಿನ ದುಡಿಮೆ ಹೆಂಗಸರದಾದರೂ ನೆಲದ ದಾಖಲೆ ಗಂಡಸರ ಹೆಸರಿನಲ್ಲಿತ್ತು. ಅಡಿಕೆಯ ಬೆಲೆ ಏರಿದಾಗ ಹಿತ್ತಲಿಗೂ ಅಡಿಕೆ ಸಸಿ ಇಡುವ ನಿರ್ಧಾರದಲ್ಲಿ ಹಿತ್ತಲನ್ನು ನೋಡಿಕೊಂಡವಳ ಮಾತಿಗೆ ಎಷ್ಟು ಬೆಲೆ ಇತ್ತೆಂಬುದು ಕೇಳಲೇಬೇಕಾದ ಪ್ರಶ್ನೆ.

ಬದಲಾದ ಸನ್ನಿವೇಶ

ಇಂದು ಈ ವ್ಯವಸ್ಥೆಯ ಒಂದೊಂದೇ ಕೊಂಡಿ ಸಡಿಲವಾಗಿದೆ. ಅಡುಗೆ ಅನಿಲ ಬಂದು ಹೆಂಗಸರ ಕಣ್ಣಿಗೂ ಶ್ವಾಸಕ್ಕೂ ನೆಮ್ಮದಿ ದೊರೆಯಿತು. ಅದು ಸ್ವಾಗತಾರ್ಹ. ಜೊತೆಯಲ್ಲಿಯೇ ಬೀಜದ ಅಟ್ಟಕ್ಕೆ ಹೊಗೆ ಇಲ್ಲವಾಯಿತು, ಬೂದಿಯೂ ಇಲ್ಲವಾಯಿತು. ಸೀಗೆ, ಅಂಟುವಾಳದ ಬದಲು ಮಾರ್ಜಕ ಬೆರೆತ ಬಚ್ಚಲ ನೀರು ಬಸಳೆಯ ಬುಡಕ್ಕೆ ಮೊದಲಿನಂತೆ ಒಗ್ಗದು. ಮಂಗಗಳ ಹಾವಳಿ ಹೆಚ್ಚಿ ಬೆಳೆದ ಕಾಯಿ ಬೀಜವಾಗುವವರೆಗೆ ಉಳಿಯುವುದು ಕಷ್ಟವಾಗಿದೆ. ಮಕ್ಕಳು ಬೆಂಗಳೂರಿಗೆ ಹೋದ ಮನೆಗಳಲ್ಲಿ ಇಬ್ಬರು ವೃದ್ಧರಿಗೆ ಒಂದು ಬಳ್ಳಿಯೇ ಹೆಚ್ಚು. ಹತ್ತು ಮನೆಗಳ ಕೇರಿಯಲ್ಲಿ ಹಿತ್ತಲು ಮಾಡುವವರು ಎರಡು ಮನೆಯಾದರೆ ಮೇಲೆ ವಿವರಿಸಿದ ಠೇವಣಿಯ ಲೆಕ್ಕವೇ ಕುಸಿಯುತ್ತದೆ. ತಳಿ ಕಳೆದುಹೋಗುವುದು ಯಾರ ಗಮನಕ್ಕೂ ಬಾರದಂತೆ. ಒಂದು ವರ್ಷ ಕೇಳಲು ಹೋದಾಗ ಎಲ್ಲಿಯೂ ಸಿಗುವುದಿಲ್ಲ, ಅಷ್ಟೆ.

ಅಂಗಡಿಯ ಪೊಟ್ಟಣದ ಬೀಜ ಈ ತೆರವನ್ನು ತುಂಬಿದೆ. ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅಗತ್ಯ. ಹೊರಗಿನಿಂದ ಬಂದ ಬೀಜವೆಲ್ಲವೂ ಹಿತ್ತಲಿಗೆ ಪರಕೀಯವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ಅನಾಮಿಕಾ’ ಬೆಂಡೆ, ‘ಅರ್ಕಾ ಸುಗುಣ’ ಹರಿವೆಗಳಂಥ ತಳಿಗಳಿಂದ ಬೀಜ ಹಿಡಿದು ಮರಳಿ ಬಿತ್ತಬಹುದು. ಸಂಕರ ಬೀಜದ ಸ್ವಭಾವ ಬೇರೆ. ಅದರ ಮೊದಲ ಪೀಳಿಗೆ ಏಕರೂಪದ್ದು. ಅದರಿಂದ ಹಿಡಿದ ಬೀಜ ತಾಯಿಯನ್ನು ಹೋಲದೆ ಚದುರಿಹೋಗುತ್ತದೆ. ಅದನ್ನು ನೆರೆಯವರಿಗೆ ಕೊಟ್ಟರೆ ಕೊಟ್ಟವಳ ಮಾತು ಹೋಗುತ್ತದೆ. ಸಂಕರ ಬೀಜ ಹಿತ್ತಲಿಗೆ ತಂದ ಮುಖ್ಯ ಬದಲಾವಣೆ ಇಳುವರಿಯದ್ದಲ್ಲ, ಕೊಡಲು ಬಾರದ ಬೀಜವೆಂಬ ಹೊಸ ವಸ್ತುವನ್ನು ಅದು ಹುಟ್ಟುಹಾಕಿತು.

ಕಾನೂನು ಕೊಳುಕೊಡೆಗೆ ವಿರುದ್ಧವಾಗಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ಪ್ರಕರಣವು ಬೀಜವನ್ನು ಉಳಿಸುವ, ಮರಳಿ ಬಿತ್ತುವ, ವಿನಿಮಯ ಮಾಡುವ, ಹಂಚಿಕೊಳ್ಳುವ, ಮಾರುವ ರೈತರ ಹಕ್ಕನ್ನು ಎತ್ತಿಹಿಡಿದಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದಷ್ಟೇ ಮಿತಿ. 2002ರ ಜೈವಿಕ ವೈವಿಧ್ಯ ಅಧಿನಿಯಮವು ಸ್ಥಳೀಯ ಸಮಿತಿಗಳ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಗೆ ಅವಕಾಶ ಕಲ್ಪಿಸಿದೆ. ಹಕ್ಕು ಪುಸ್ತಕದಲ್ಲಿದೆ, ಆ ಹಕ್ಕನ್ನು ಚಲಾಯಿಸುವ ಬೀಜ ಅಟ್ಟದಲ್ಲಿ ಇರಬೇಕಾಗಿದೆ.

ಪುನಶ್ಚೇತನದ ಪ್ರಯತ್ನಗಳೂ ನಡೆದಿವೆ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಹಿತ್ತಲು ಮಾಡುವ ಮಲೆನಾಡಿನ ಹೆಂಗಸರನ್ನು ಬೀಜ ಸಂರಕ್ಷಕಿಯರೆಂದು ಗುರುತಿಸಿ ಒಂದುಗೂಡಿಸಿತು. ಜೋಯಿಡಾದ ಗೆಡ್ಡೆಗೆಣಸು ಮೇಳವು ಕುಣಬಿ ಸಮುದಾಯದ ಗೆಡ್ಡೆಗಳ ತಿಳಿವಳಿಕೆಯನ್ನು ಹೊರಗಿನವರ ಮುಂದಿಟ್ಟಿತು. ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಕೂಟಗಳು ತಾರಸಿಯ ಮೇಲೆ ಸೊಪ್ಪು, ತರಕಾರಿ ಬೆಳೆಯುವ ನಗರವಾಸಿಗಳನ್ನು ಒಂದೆಡೆ ಸೇರಿಸಿದವು. ಫಲಾವಳಿಯಂತೆ ಮೇಳವೂ ಒಂದು ಹಾಜರಿ. ಆದರೆ ಮೇಳ ವರ್ಷಕ್ಕೊಮ್ಮೆ ಮುಗಿಯುತ್ತದೆ. ಕಳೆದುಕೊಂಡ ಬೀಜವನ್ನು ಕೇಳಲು ಹೋಗುವ ನೆರೆಮನೆಯ ಬಾಗಿಲು ವರ್ಷವಿಡೀ ತೆರೆದಿರಬೇಕು. ನಗರದ ಬಡಾವಣೆಗಳಲ್ಲಿ ಸಾಮೂಹಿಕ ಕೈತೋಟಗಳನ್ನು ರೂಪಿಸುವವರು ಮಣ್ಣು, ಕುಂಡ, ಗೊಬ್ಬರಗಳ ಬಗೆಗೆ ಹೆಚ್ಚು ಯೋಚಿಸುತ್ತಾರೆ. ಒಂದು ಮನೆಯ ಬೀಜ ಇನ್ನೊಂದು ಮನೆಗೆ ಯಾವ ದಾರಿಯಲ್ಲಿ ಹೋಗಬೇಕು, ಹೋದದ್ದು ಹೇಗೆ ಮರಳಬೇಕು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಿದರೆ ಮಾತ್ರ ಅಕ್ಕಪಕ್ಕದ ಕುಂಡಗಳ ಸಾಲು ಕೇರಿಯ ಹಿತ್ತಲಾದೀತು.

ದಾಖಲಾತಿಯ ವಿಧಾನ

ಜಾನಪದ ಅಧ್ಯಯನ ಇಲ್ಲಿ ಮಾಡಬಹುದಾದ ಕೆಲಸ ನಿರ್ದಿಷ್ಟವಾದುದು. ತಳಿಗಳ ಹೆಸರು ಮತ್ತು ಲಕ್ಷಣಗಳ ಪಟ್ಟಿಯನ್ನು ಸಸ್ಯವಿಜ್ಞಾನಿಗಳು ತಯಾರಿಸಬಲ್ಲರು. ಪಟ್ಟಿಯಲ್ಲಿ ಸೇರದ ಸಂಗತಿಯೆಂದರೆ ಸಂಬಂಧ. ಈ ಬೀಜ ಯಾರಿಂದ ಬಂದಿತು, ತವರಿನಿಂದಲೋ ನೆರೆಯಿಂದಲೋ, ಯಾರಿಗೆಲ್ಲ ಹೋಯಿತು, ಕಳೆದುಹೋದಾಗ ಯಾರ ಮನೆಯಿಂದ ಮರಳಿತು, ಯಾರಿಗೆ ಕೊಡಲಿಲ್ಲ, ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳಬೇಕು. ಕಥನಗೀತೆಯ ಪಾಠಾಂತರಗಳನ್ನು ಊರಿಂದ ಊರಿಗೆ ಹಿಂಬಾಲಿಸಿದ ಶಿಸ್ತು ಬೀಜದ ಹಾದಿಗೂ ಅನ್ವಯಿಸುತ್ತದೆ. ಹಾಡುಗಾರ್ತಿಯ ಹೆಸರನ್ನು ನಮೂದಿಸುವಂತೆ ಬೀಜ ಕಾಪಾಡಿದವಳ ಹೆಸರನ್ನೂ ಅವಳ ಒಪ್ಪಿಗೆಯೊಂದಿಗೆ ನಮೂದಿಸಬೇಕು. ಸಂಗ್ರಹಿಸಿದ ಬೀಜದ ಒಂದು ಪಾಲು ಶೀತಲ ಕೋಠಿಗೆ ಹೋಗುವುದಾದರೆ ಇನ್ನೊಂದು ಪಾಲು ಅದೇ ಕೇರಿಯ ಮತ್ತೊಂದು ಹಿತ್ತಲಿಗೆ ಹೋಗಬೇಕು.

ಉಪಸಂಹಾರ

ಹಿತ್ತಲು ನೆಲದ ಒಂದು ತುಂಡಷ್ಟೇ ಅಲ್ಲ, ಮನೆಗಳ ನಡುವಿನ ಒಂದು ಒಡಂಬಡಿಕೆ. ನೀರು, ಬೂದಿ, ಗೊಬ್ಬರಗಳ ಸುತ್ತು ಅದರ ಒಡಲಾದರೆ ಬೀಜದ ಕೊಳುಕೊಡೆ ಅದರ ಉಸಿರು. ಪಾತ್ರೆಯ ಮರ್ಯಾದೆ, ಕೈಗುಣ, ಕದ್ದ ಗಿಡದ ನಂಬಿಕೆ, ತವರಿನ ಗಂಟು, ಫಲಾವಳಿ, ಭೂಮಿ ಹುಣ್ಣಿಮೆಗಳು ಆ ಉಸಿರನ್ನು ಕಾಪಾಡಿದ ಉಪಾಯಗಳು. ಆ ಒಡಂಬಡಿಕೆಯಲ್ಲಿ ಜಾತಿಯ, ಲಿಂಗದ ಬೇಲಿಗಳಿದ್ದವು. ಪುನಶ್ಚೇತನದ ಹೆಸರಿನಲ್ಲಿ ಅವು ಮರಳಬೇಕಾಗಿಲ್ಲ. ಹಾಡು ಹೇಳುವವರು ಇಲ್ಲವಾದರೂ ಮುದ್ರಿತ ಪಾಠವಾಗಿ, ಧ್ವನಿಮುದ್ರಿಕೆಯಾಗಿ ಹಾಡಿನ ಒಂದು ರೂಪ ಉಳಿದೀತು. ಬೀಜಕ್ಕೆ ಆ ಅವಕಾಶವಿಲ್ಲ. ಮೊಳಕೆಯೊಡೆಯುವ ಶಕ್ತಿ ಅದರಲ್ಲಿ ಇರುವುದು ಕೆಲವೇ ವರ್ಷ. ಅಷ್ಟರೊಳಗೆ ಅದು ಮತ್ತೆ ಮಣ್ಣಿಗೆ ಸೇರಬೇಕು, ಮತ್ತೊಂದು ಕೈಗೆ ದಾಟಬೇಕು.